‘ಎಲ್ಲರಿಗೂ ಉತ್ತರ’ ಎಂಬ ಗುಂಡಿ: ಸಾಮೂಹಿಕ ಇ-ಮೇಲ್ ಅವಾಂತರಗಳು ಮತ್ತು ವರ್ತಕರ ಹೊಣೆ

ಟೈಪ್‌ರೈಟರ್‌ನ ಕಾಲದಲ್ಲಿ ಪತ್ರದ ಪ್ರತಿ ತೆಗೆಯುವುದಕ್ಕೆ ಒಂದು ಬೆಲೆಯಿತ್ತು. ಹಾಳೆಗಳ ನಡುವೆ ಕಾರ್ಬನ್ ಕಾಗದವಿರಿಸಿ ಟೈಪು ಮಾಡಿದರೆ ನಾಲ್ಕನೆಯ ಪ್ರತಿಯ ಹೊತ್ತಿಗೆ ಅಕ್ಷರಗಳು ಮಸುಕಾಗುತ್ತಿದ್ದವು. ಪತ್ರದ ಅಡಿಯಲ್ಲಿ ‘ಪ್ರತಿಗಳು’ ಎಂದು ಬರೆದು ಯಾರಿಗೆಲ್ಲ ಹೋಗಬೇಕೆಂದು ನಮೂದಿಸಬೇಕಾಗಿತ್ತು. ಪ್ರತಿಯೊಂದಕ್ಕೂ ಲಕೋಟೆ, ಅಂಚೆಚೀಟಿ, ರವಾನೆ ವಹಿಯಲ್ಲಿ ಒಂದು ಸಾಲು. ಮಡಿಕೇರಿಯ ವರ್ತಕರೊಬ್ಬರು ನಲವತ್ತು ಗಿರಾಕಿಗಳಿಗೆ ದರಪಟ್ಟಿ ಕಳುಹಿಸಬೇಕೆಂದರೆ ಗುಮಾಸ್ತನಿಗೆ ಅದು ಅರ್ಧ ದಿನದ ಕೆಲಸವಾಗಿತ್ತು. ಆ ಅರ್ಧ ದಿನದಲ್ಲಿ ವಿಳಾಸಗಳ ಮೇಲೆ ಒಮ್ಮೆಯಾದರೂ ಕಣ್ಣು ಹಾಯುತ್ತಿತ್ತು. ಅಂಚೆಚೀಟಿಯ ಖರ್ಚನ್ನು ಯಜಮಾನರು ದಿನದ ಕೊನೆಗೆ ನೋಡುತ್ತಿದ್ದುದರಿಂದ, ಅನವಶ್ಯಕ ಪ್ರತಿಗೆ ವಿವರಣೆಯನ್ನೂ ಕೊಡಬೇಕಾಗುತ್ತಿತ್ತು.

ಇ-ಮೇಲ್‌ನ ತಲೆಬರಹದಲ್ಲಿ ಇಂದಿಗೂ ಉಳಿದಿರುವ ‘ಸಿ.ಸಿ.’ ಎಂಬ ಎರಡು ಅಕ್ಷರಗಳು ಆ ಕಾರ್ಬನ್ ಪ್ರತಿಯ ನೆನಪೇ ಆಗಿವೆ. ಇ-ಮೇಲ್ ಪತ್ರದ ರೂಪವನ್ನು ಗೊತ್ತುಪಡಿಸಿದ 1982ರ ಮಾನದಂಡದಲ್ಲಿ ‘ಟು’, ‘ಸಿ.ಸಿ.’ ಹಾಗೂ ‘ಬಿ.ಸಿ.ಸಿ.’ ಎಂಬ ಮೂರೂ ಅಂಕಣಗಳಿದ್ದವು. ಮೊದಲೆರಡರಲ್ಲಿ ಬರೆದ ವಿಳಾಸಗಳು ಪತ್ರ ಪಡೆದವರೆಲ್ಲರಿಗೂ ಕಾಣುತ್ತವೆ. ಮೂರನೆಯದರಲ್ಲಿ ಬರೆದವು ಕಾಣುವುದಿಲ್ಲ. ಹೆಸರು ಹಳೆಯದೇ ಉಳಿಯಿತು, ಆದರೆ ಪ್ರತಿಯ ಬೆಲೆ ಮಾತ್ರ ಶೂನ್ಯವಾಯಿತು. ಬೆಲೆಯ ಜೊತೆಗೆ, ಆ ಬೆಲೆಯ ಕಾರಣದಿಂದಲೇ ನಡೆಯುತ್ತಿದ್ದ ತಪಾಸಣೆಯೂ ಇಲ್ಲವಾಯಿತು. ದೊಡ್ಡ ದೊಡ್ಡ ಕಚೇರಿಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿದ ಸಾಮೂಹಿಕ ಇ-ಮೇಲ್ ಅವಾಂತರಗಳ ಮೂಲ ಇಲ್ಲಿದೆ. ಅಂತಹ ದೊಡ್ಡ ಕಚೇರಿಗಳು ಕೊಡಗಿನಲ್ಲಿ ವಿರಳ. ಆದರೂ ಅಲ್ಲಿ ಆದದ್ದನ್ನು ತಿಳಿದರೆ ಕುಶಾಲನಗರ, ಗೋಣಿಕೊಪ್ಪಲು, ವಿರಾಜಪೇಟೆಗಳ ಮೂರು ಮೇಜಿನ ಕಚೇರಿಗಳಲ್ಲಿ ಆಗಬಹುದಾದದ್ದು ಸ್ಪಷ್ಟವಾಗುತ್ತದೆ.

ಪಟ್ಟಿಯೊಂದು ಸಿಡಿದಾಗ

ಈ ಬಗೆಯ ಪ್ರಕರಣಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಇ-ಮೇಲ್ ತಂತ್ರಾಂಶವನ್ನೇ ತಯಾರಿಸುವ ಸಂಸ್ಥೆಯೊಳಗೆ ನಡೆಯಿತೆಂಬುದು ಗಮನಾರ್ಹ. 1997ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯ ನೌಕರರೊಬ್ಬರು, ‘ಬೆಡ್ಲಮ್ ಡಿ.ಎಲ್. 3’ ಎಂಬ ಅಪರಿಚಿತ ವಿಳಾಸಪಟ್ಟಿಯಲ್ಲಿ ತಮ್ಮ ಹೆಸರಿರುವುದನ್ನು ಕಂಡರು. ತಮ್ಮನ್ನು ಅದರಿಂದ ತೆಗೆದುಹಾಕಬೇಕೆಂದು ಕೋರಿ ಅದೇ ಪಟ್ಟಿಗೆ ಪತ್ರ ಬರೆದರು. ಪಟ್ಟಿಯಲ್ಲಿ ಸುಮಾರು 13,000 ಹೆಸರುಗಳಿದ್ದವು. ಅಷ್ಟೂ ಜನರಿಗೆ ಆ ಕೋರಿಕೆ ತಲುಪಿತು. ‘ನನ್ನನ್ನೂ ತೆಗೆಯಿರಿ’ ಎಂದು ಅನೇಕರು ಬರೆದರು. ಅವರ ಹಿಂದೆಯೇ ‘ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ’ ಎಂದು ಬುದ್ಧಿ ಹೇಳುವವರು ಬಂದರು. ಬುದ್ಧಿಮಾತೂ ಎಲ್ಲರಿಗೇ ಹೋಯಿತು.

ಇದರ ಲೆಕ್ಕ ಸರಳವಾಗಿದೆ. ಪಟ್ಟಿಗೆ ಹೋದ ಒಂದು ಪತ್ರವೆಂದರೆ 13,000 ಬಟವಾಡೆಗಳು. ಪಟ್ಟಿಯಲ್ಲಿರುವವರ ಪೈಕಿ ಹದಿಮೂರರಲ್ಲಿ ಒಬ್ಬರು, ಅಂದರೆ ಸಾವಿರ ಮಂದಿ, ತಲಾ ಒಂದೇ ಸಾಲು ಬರೆದರೂ ಬಟವಾಡೆಯ ಸಂಖ್ಯೆ 1 ಕೋಟಿ 30 ಲಕ್ಷವಾಗುತ್ತದೆ. ಅಂದು ಸುಮಾರು ಒಂದು ಗಂಟೆಯ ಅವಧಿಯಲ್ಲಿ ಹರಿದಾಡಿದ ಪತ್ರಗಳು 1 ಕೋಟಿ 50 ಲಕ್ಷ, ಅವುಗಳ ಒಟ್ಟು ಗಾತ್ರ 195 ಗಿಗಾಬೈಟ್ ಎಂದು ಆ ಸಂಸ್ಥೆಯ ತಂತ್ರಜ್ಞರೇ ನಂತರ ದಾಖಲಿಸಿದ್ದಾರೆ. ಭಾರ ತಾಳಲಾರದೆ ಪತ್ರ ಸಾಗಿಸುವ ಗಣಕಯಂತ್ರಗಳು ನಿಂತವು. ಮರಳಿ ಚಾಲನೆ ಮಾಡಿದಾಗ ಉಳಿದಿದ್ದ ಪತ್ರಗಳನ್ನು ಅವು ಮತ್ತೆ ಸಾಗಿಸತೊಡಗಿದ್ದರಿಂದ ವ್ಯವಸ್ಥೆ ಸರಿಹೋಗಲು ಎರಡು ದಿನಗಳೇ ಹಿಡಿದವು. ಒಂದು ಪತ್ರಕ್ಕೆ ಇಂತಿಷ್ಟೇ ಸ್ವೀಕೃತಿದಾರರು ಎಂಬ ಮಿತಿಯನ್ನು ತಂತ್ರಾಂಶದಲ್ಲಿ ಅಳವಡಿಸಿದ್ದು ಆ ಬಳಿಕ. ಕಾಲು ಶತಮಾನ ಕಳೆಯುತ್ತ ಬಂದರೂ ರೋಗ ವಾಸಿಯಾಗಲಿಲ್ಲವೆನ್ನುವುದಕ್ಕೆ ಅದೇ ಸಂಸ್ಥೆ 2020ರ ಮೇ ತಿಂಗಳಲ್ಲಿ ತನ್ನ ಗ್ರಾಹಕರಿಗೆ ಒದಗಿಸಿದ ರಕ್ಷಣೆಯೇ ಸಾಕ್ಷಿ: 5,000ಕ್ಕೂ ಹೆಚ್ಚು ಜನರಿಗೆ ಹೋಗುವ ‘ಎಲ್ಲರಿಗೂ ಉತ್ತರ’ಗಳು 60 ನಿಮಿಷಗಳಲ್ಲಿ ಹತ್ತಾದರೆ, ಮುಂದಿನ 4 ಗಂಟೆಗಳ ಕಾಲ ಆ ಸರಣಿಗೆ ಬೇರಾರೂ ಉತ್ತರಿಸದಂತೆ ಅದು ತಡೆಯುತ್ತಿತ್ತು.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ 2016ರ ನವೆಂಬರ್ 14ರಂದು ನಡೆದದ್ದು ಇನ್ನೂ ದೊಡ್ಡದು. ಒಂದು ಘಟಕದ ಸಿಬ್ಬಂದಿ ಪರೀಕ್ಷಾರ್ಥವಾಗಿ ಕಳುಹಿಸಿದ ಪತ್ರ, ಆ ಘಟಕಕ್ಕೆ ಸೀಮಿತವಾಗುವ ಬದಲು ಸುಮಾರು 8 ಲಕ್ಷ 40 ಸಾವಿರ ಖಾತೆಗಳಿಗೆ ಹೋಯಿತು. ಉತ್ತರಗಳು, ಉತ್ತರಗಳಿಗೆ ಉತ್ತರಗಳು ಸೇರಿ 75 ನಿಮಿಷಗಳಲ್ಲಿ ಸುಮಾರು 50 ಕೋಟಿ ಪತ್ರಗಳು ಹರಿದವೆಂದು ವರದಿಯಾಯಿತು. ರೋಗಿಗಳ ಬಗ್ಗೆ ವೈದ್ಯರು ಪರಸ್ಪರ ಬರೆದುಕೊಳ್ಳುವ ವ್ಯವಸ್ಥೆಯೇ ಇದಾಗಿತ್ತೆಂಬುದನ್ನು ನೆನೆದರೆ ಪ್ರಮಾದದ ಗಾಂಭೀರ್ಯ ಅರಿವಾಗುತ್ತದೆ.

  ಎರಡೂ ಪ್ರಕರಣಗಳಲ್ಲಿ ಯಾವ ಪಟ್ಟಿಯಲ್ಲಿ ಯಾರಿದ್ದಾರೆ, ಅದಕ್ಕೆ ಬರೆಯುವ ಅಧಿಕಾರ ಯಾರಿಗೆ ಎಂಬುದು ಯಾರ ಹೊಣೆಯೂ ಆಗಿರಲಿಲ್ಲ. ಉತ್ತರಿಸಿದವರಲ್ಲಿಯೂ ದುರುದ್ದೇಶವಿರಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ದೈನಂದಿನ ಪ್ರಕಟಣೆಯ ಓದುಗರೊಬ್ಬರು ತಮ್ಮ ವಿಳಾಸ ಬದಲಾವಣೆಗೆಂದು ಬರೆದ ಉತ್ತರ ಸಾವಿರಾರು ಓದುಗರಿಗೆ ಹೋಗಿ, 20 ಲಕ್ಷಕ್ಕೂ ಹೆಚ್ಚು ಪತ್ರಗಳ ಪ್ರವಾಹಕ್ಕೆ ಕಾರಣವಾಯಿತು. ತಾನೊಬ್ಬ ಬರೆದರೆ ಏನಾಗುತ್ತದೆ ಎಂಬುದು ಪ್ರತಿಯೊಬ್ಬನ ಎಣಿಕೆ.

ಇದಕ್ಕಿಂತ ವಿಚಿತ್ರವಾದ ಪಾಠ 2009ರ ಜನವರಿಯಲ್ಲಿ ದೊರೆಯಿತು. ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಇಂತಹುದೇ ಪ್ರವಾಹ ಉಂಟಾದಾಗ, ತಪ್ಪಿನ ಅರಿವಾದ ಕೆಲವರು ತಮ್ಮ ಉತ್ತರವನ್ನು ಹಿಂಪಡೆಯಲು ‘ರಿಕಾಲ್’ ಎಂಬ ಸೌಲಭ್ಯವನ್ನು ಬಳಸಿದರು. ‘ಇಂಥವರು ತಮ್ಮ ಪತ್ರವನ್ನು ಹಿಂಪಡೆಯಲು ಬಯಸುತ್ತಾರೆ’ ಎಂಬ ಸೂಚನೆಯೇ ಹೊಸ ಪತ್ರವಾಗಿ ಮತ್ತೆ ಎಲ್ಲರಿಗೂ ಹೋಯಿತು. ಕೊನೆಗೆ ‘ಎಲ್ಲರಿಗೂ ಉತ್ತರ’ ಗುಂಡಿ ಒತ್ತುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದೆಂದು ಇಲಾಖೆ ಎಚ್ಚರಿಸಬೇಕಾಯಿತು.

ಇನ್ನೊಂದು ವರ್ಗದ ಪ್ರಮಾದಗಳಲ್ಲಿ ಪ್ರವಾಹವಿಲ್ಲ, ಒಂದೇ ಪತ್ರ. ಆದರೆ ಅದು ತಪ್ಪು ಪಟ್ಟಿಗೆ ಹೋಗಿರುತ್ತದೆ. 2012ರ ಏಪ್ರಿಲ್‌ನಲ್ಲಿ ಅವೀವಾ ಇನ್ವೆಸ್ಟರ್ಸ್ ಸಂಸ್ಥೆ ಕೆಲಸ ಬಿಡುತ್ತಿದ್ದ ಒಬ್ಬ ನೌಕರನಿಗೆ ಬರೆದ ಪತ್ರವನ್ನು ಸುಮಾರು 1,300 ನೌಕರರಿಗೆ ಕಳುಹಿಸಿ, ಕೂಡಲೇ ಕ್ಷಮೆ ಕೋರಿತು. 2009ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆ, ಪ್ರವೇಶ ನಿರಾಕರಿಸಲ್ಪಟ್ಟಿದ್ದ 28,000 ವಿದ್ಯಾರ್ಥಿಗಳಿಗೂ ಸ್ವಾಗತಪತ್ರ ಕಳುಹಿಸಿಬಿಟ್ಟಿತು. ಒಕ್ಕಣೆ ಸರಿಯಾಗಿದ್ದು ವಿಳಾಸ ತಪ್ಪಾದಾಗ ಆಗುವ ನೋವು, ಒಕ್ಕಣೆಯೇ ತಪ್ಪಾದಾಗ ಆಗುವುದಕ್ಕಿಂತ ಕಡಿಮೆಯೇನಲ್ಲ.

ಕಾಫಿ ದರ ಗುಟ್ಟಾದ ಮೇಲೆ

ಕೊಡಗಿನ ವರ್ತಕರ ವಿಷಯಕ್ಕೆ ಬರುವುದಾದರೆ, ಇಲ್ಲಿ ಹದಿಮೂರು ಸಾವಿರ ಹೆಸರುಗಳ ಪಟ್ಟಿ ಯಾರಲ್ಲಿಯೂ ಇಲ್ಲ. ಇರುವುದು ಮೂವತ್ತು, ಐವತ್ತು, ಹೆಚ್ಚೆಂದರೆ ಇನ್ನೂರು ಖರೀದಿದಾರರ ಪಟ್ಟಿ. ಅದು ಸಾಮಾನ್ಯವಾಗಿ ಎಲ್ಲಿಯೂ ಪ್ರತ್ಯೇಕವಾಗಿ ಬರೆದಿಟ್ಟಿರುವುದಲ್ಲ. ಹಿಂದಿನ ತಿಂಗಳು ಕಳುಹಿಸಿದ ಪತ್ರವನ್ನು ತೆರೆದು, ಅದರ ವಿಳಾಸಗಳನ್ನು ಹಾಗೆಯೇ ‘ಟು’ ಅಂಕಣಕ್ಕೆ ಇಳಿಸಿ, ಹೊಸ ದರ ತುಂಬಿ ಕಳುಹಿಸುವುದು ರೂಢಿ. ಇದರಿಂದ ಪ್ರತಿಯೊಬ್ಬ ಖರೀದಿದಾರನಿಗೂ ಉಳಿದೆಲ್ಲ ಖರೀದಿದಾರರ ಹೆಸರು, ವಿಳಾಸಗಳು ಉಚಿತವಾಗಿ ದೊರೆಯುತ್ತವೆ. ಪತ್ರವನ್ನು ಪಡೆದವರಲ್ಲಿ ಒಬ್ಬರು ಅದನ್ನು ಪ್ರತಿಸ್ಪರ್ಧಿ ವರ್ತಕರಿಗೆ ದಾಟಿಸಿದರೆ ಹತ್ತು ವರ್ಷಗಳ ಸಂಪರ್ಕ ಹತ್ತು ಸೆಕೆಂಡುಗಳಲ್ಲಿ ಕೈಬದಲಾಗುತ್ತದೆ.

ಹಿಂದೆ ಇದು ಅಷ್ಟೇನೂ ಕಳವಳದ ವಿಷಯವಾಗಿರಲಿಲ್ಲ. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ ಬೆಳೆಗಾರರು ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದರು. ಮಾರುವುದು ಮಂಡಳಿಯ ಕೆಲಸವಾಗಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟ ಬಂದು 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ವಿಸ್ತರಿಸಿತು. ಅಂದಿನಿಂದ ಅರೇಬಿಕಾ ಪಾರ್ಚ್‌ಮೆಂಟ್ ಆಗಲಿ, ರೋಬಸ್ಟಾ ಚೆರಿ ಆಗಲಿ, 50 ಕೆ.ಜಿ. ಚೀಲಕ್ಕೆ ಯಾರು ಯಾರಿಗೆ ಎಷ್ಟು ಹೇಳಿದರು ಎಂಬುದೇ ವ್ಯಾಪಾರದ ಜೀವಾಳವಾಗಿದೆ. ಕಾಕತಾಳೀಯವೆಂಬಂತೆ, ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಅವರು ಸಹೋದ್ಯೋಗಿಯೊಬ್ಬರೊಡನೆ ಹಾಟ್‌ಮೇಲ್ ಎಂಬ ಉಚಿತ ಇ-ಮೇಲ್ ಸೇವೆಯನ್ನು ಆರಂಭಿಸಿದ್ದೂ 1996ರಲ್ಲಿಯೇ. ದರ ಗುಟ್ಟಾಗಬೇಕಾದ ಕಾಲಕ್ಕೆ ಸರಿಯಾಗಿ ಗುಟ್ಟು ರಟ್ಟು ಮಾಡುವ ಸಾಧನವೂ ಬಿಟ್ಟಿಯಾಗಿ ಬಂದಿತು.

ವಿಳಾಸಗಳು ಬಯಲಾಗುವುದನ್ನು ಕ್ಷುಲ್ಲಕವೆಂದು ಭಾವಿಸುವವರು ಲಂಡನ್ನಿನ ಒಂದು ಪ್ರಕರಣವನ್ನು ಗಮನಿಸಬಹುದು. 2015ರಲ್ಲಿ ಅಲ್ಲಿನ ಲೈಂಗಿಕ ಆರೋಗ್ಯ ಚಿಕಿತ್ಸಾಲಯವೊಂದು ಎಚ್.ಐ.ವಿ. ಸೇವೆ ಪಡೆಯುತ್ತಿದ್ದವರಿಗೆ ವಾರ್ತಾಪತ್ರ ಕಳುಹಿಸುವಾಗ 781 ವಿಳಾಸಗಳನ್ನು ‘ಬಿ.ಸಿ.ಸಿ.’ ಬದಲು ‘ಟು’ ಅಂಕಣದಲ್ಲಿ ಹಾಕಿತು. ಒಂದು ಅಂಕಣದ ವ್ಯತ್ಯಾಸಕ್ಕೆ ಅಲ್ಲಿನ ಮಾಹಿತಿ ಆಯುಕ್ತರು ಮರುವರ್ಷ ವಿಧಿಸಿದ ದಂಡ 1 ಲಕ್ಷ 80 ಸಾವಿರ ಪೌಂಡ್. ಆಫ್ಘಾನಿಸ್ತಾನದಿಂದ ಸ್ಥಳಾಂತರ ಕೋರಿದ್ದವರ ವಿಳಾಸಗಳನ್ನು 2021ರಲ್ಲಿ ಇದೇ ರೀತಿ ಬಹಿರಂಗಪಡಿಸಿದ ಬ್ರಿಟನ್ನಿನ ರಕ್ಷಣಾ ಇಲಾಖೆ 2023ರಲ್ಲಿ 3 ಲಕ್ಷ 50 ಸಾವಿರ ಪೌಂಡ್ ದಂಡಕ್ಕೆ ಗುರಿಯಾಯಿತು. ಆ ಪಟ್ಟಿಯಲ್ಲಿದ್ದವರಿಗೆ ಅದು ಪ್ರಾಣಭಯದ ವಿಷಯವಾಗಿತ್ತು.

ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರುವಂತೆ ಕಾಲಾವಕಾಶ ನೀಡಲಾಗಿದೆ. ವ್ಯಕ್ತಿಯ ಇ-ಮೇಲ್ ವಿಳಾಸವೂ ವೈಯಕ್ತಿಕ ದತ್ತಾಂಶವೇ. ತಕ್ಕ ರಕ್ಷಣಾ ಕ್ರಮ ಕೈಗೊಳ್ಳದಿದ್ದರೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ವರ್ತಕರಿಗೆ ಆ ಗರಿಷ್ಠ ಮೊತ್ತ ಬೀಳುವುದೆಂದು ಹೆದರಿಸುವುದು ಸರಿಯಲ್ಲ. ಸೋರಿಕೆಯ ಸ್ವರೂಪ ಮತ್ತು ಗಾಂಭೀರ್ಯವನ್ನು ನೋಡಿಯೇ ದಂಡ ನಿಗದಿಯಾಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಹೋಂಸ್ಟೇ ನಡೆಸುವವರು ಹಳೆಯ ಅತಿಥಿಗಳೆಲ್ಲರಿಗೂ ಒಂದೇ ಪತ್ರದಲ್ಲಿ, ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ ಹಬ್ಬದ ಶುಭಾಶಯ ಕಳುಹಿಸುವ ರೂಢಿಯನ್ನು ಈಗಲೇ ಬಿಡುವುದು ಲೇಸು.

ಕಳುಹಿಸಿದ್ದು ಕೊಡುಗೆಯೇ?

ವಿಳಾಸ ಬಯಲಾಗುವುದಕ್ಕಿಂತಲೂ ನೇರವಾದ ಆರ್ಥಿಕ ಹೊಣೆ ಇನ್ನೊಂದಿದೆ. ಅದರ ಬಗ್ಗೆ ವರ್ತಕರಲ್ಲಿ ತಿಳಿವಳಿಕೆ ಸಾಲದು. ಗೋಣಿಕೊಪ್ಪಲಿನ ಕಾಳುಮೆಣಸಿನ ವರ್ತಕರೊಬ್ಬರ ಬಳಿ ನೂರು ಚೀಲ ದಾಸ್ತಾನು ಇದೆ ಎಂದಿಟ್ಟುಕೊಳ್ಳಬಹುದು. ಒಬ್ಬ ಹಳೆಯ ಗಿರಾಕಿಗೆಂದು, ರಿಯಾಯಿತಿ ದರದಲ್ಲಿ ನೂರು ಚೀಲವನ್ನೂ ಕೊಡುವುದಾಗಿ ಬರೆದ ಪತ್ರ ಗುಮಾಸ್ತನ ಕೈತಪ್ಪಿನಿಂದ ನಲವತ್ತು ಮಂದಿಗೆ ಹೋಗುತ್ತದೆ. ಮಧ್ಯಾಹ್ನದೊಳಗೆ ಆರು ಮಂದಿ ‘ಒಪ್ಪಿದೆ’ ಎಂದು ಉತ್ತರಿಸುತ್ತಾರೆ. ಈಗ ಆರುನೂರು ಚೀಲಗಳನ್ನು ತರುವುದೆಲ್ಲಿಂದ?

‘ಗುಮಾಸ್ತ ಕಳುಹಿಸಿದ್ದು, ನಾನಲ್ಲ’ ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಅಧಿಕಾರ ಪಡೆದ ವ್ಯಕ್ತಿ ಕಳುಹಿಸಿದ ವಿದ್ಯುನ್ಮಾನ ದಾಖಲೆ ಯಜಮಾನನದೇ ಆಗುತ್ತದೆ. ವಿದ್ಯುನ್ಮಾನ ವಿಧಾನದಿಂದ ಏರ್ಪಟ್ಟಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎನ್ನುತ್ತದೆ 10-ಎ ಕಲಮು. ಬಾಕ್ಸೈಟ್ ಅದಿರಿನ ಪೂರೈಕೆಯ ಬಗ್ಗೆ ಟ್ರೈಮೆಕ್ಸ್ ಹಾಗೂ ವೇದಾಂತ ಅಲ್ಯುಮಿನಿಯಂ ಸಂಸ್ಥೆಗಳ ನಡುವೆ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ವಿಧ್ಯುಕ್ತ ಕರಾರುಪತ್ರಕ್ಕೆ ಸಹಿ ಬೀಳದಿದ್ದರೂ ಇ-ಮೇಲ್‌ಗಳ ವಿನಿಮಯದಿಂದಲೇ ಕರಾರು ಪೂರ್ಣಗೊಂಡಿತ್ತೆಂದು ತೀರ್ಮಾನಿಸಿತು. ಒಬ್ಬ ಪಕ್ಷಗಾರನ ತಪ್ಪು ಗ್ರಹಿಕೆಯ ಕಾರಣದಿಂದ ಮಾತ್ರವೇ ಕರಾರನ್ನು ರದ್ದುಪಡಿಸಲಾಗದೆಂಬುದು 1872ರ ಕರಾರು ಕಾಯ್ದೆಯ 22ನೆಯ ಕಲಮು. ಕೊಡುಗೆಯನ್ನು ಹಿಂತೆಗೆದುಕೊಳ್ಳಲು 5ನೆಯ ಕಲಮು ಅವಕಾಶ ನೀಡುತ್ತದೆ, ಆದರೆ ಒಪ್ಪಿಗೆಯ ತಿಳಿಸುವಿಕೆ ಪೂರ್ಣವಾಗುವ ಮುನ್ನ ಮಾತ್ರ. ಇ-ಮೇಲ್‌ನ ವೇಗದಲ್ಲಿ ಆ ‘ಮುನ್ನ’ ಎಂಬುದು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರಬಹುದು.

ಆದ್ದರಿಂದ ಹಲವರಿಗೆ ಹೋಗುವ ಪ್ರತಿಯೊಂದು ದರಪತ್ರದ ಅಡಿಯಲ್ಲಿ, ಇದು ಮಾರಾಟದ ಕೊಡುಗೆಯಲ್ಲ, ಖರೀದಿದಾರರಿಂದ ಕೊಡುಗೆಯನ್ನು ಆಹ್ವಾನಿಸುವ ಪ್ರಕಟಣೆ ಮಾತ್ರ, ದಾಸ್ತಾನಿನ ಲಭ್ಯತೆಗೆ ಒಳಪಟ್ಟು ಸಂಸ್ಥೆಯ ಲಿಖಿತ ದೃಢೀಕರಣದ ನಂತರವೇ ಕರಾರು ಏರ್ಪಡುತ್ತದೆ ಎಂಬ ಎರಡು ಸಾಲುಗಳು ಶಾಶ್ವತವಾಗಿ ಇರಬೇಕು. ಒಬ್ಬರಿಗೇ ಬರೆಯುವ ಪತ್ರದಲ್ಲಿ ಅವರ ಹೆಸರನ್ನು ಒಕ್ಕಣೆಯೊಳಗೆ ಬರೆಯುವುದೂ ಉಪಯುಕ್ತ. ತಪ್ಪಿ ಪಡೆದವರು ಅದು ತಮಗೆ ಬರೆದದ್ದೆಂದು ವಾದಿಸುವುದು ಆಗ ಸುಲಭವಲ್ಲ.

ಪತ್ರಗಳ ಪ್ರವಾಹಕ್ಕೆ ಸಿಲುಕಿದವರ ಕಷ್ಟ ಬೇರೆಯದು. ಸಂಘದ್ದೋ, ಸರಬರಾಜುದಾರರದ್ದೋ ಪಟ್ಟಿಯಲ್ಲಿ ಯಾರೋ ಆರಂಭಿಸಿದ ಉತ್ತರಗಳ ಸರಣಿಯಿಂದ ಬೇಸತ್ತು ನೂರು ಪತ್ರಗಳನ್ನು ಒಟ್ಟಾಗಿ ಆರಿಸಿ ಅಳಿಸುವಾಗ, ನಡುವೆ ಸಿಕ್ಕಿದ ತೆರಿಗೆ ಇಲಾಖೆಯ ನೋಟೀಸು ಕೂಡ ಹೋಗಿಬಿಡಬಹುದು. ನೋಂದಣಿಯ ವೇಳೆ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳುಹಿಸಿದ ನೋಟೀಸನ್ನು ಜಿ.ಎಸ್.ಟಿ. ಕಾಯ್ದೆಯ 169ನೆಯ ಕಲಮು ಜಾರಿಯ ಅಂಗೀಕೃತ ವಿಧಾನಗಳಲ್ಲಿ ಒಂದೆಂದು ಒಪ್ಪುತ್ತದೆ. ಓದಲಿಲ್ಲವೆಂಬುದು ಸುಲಭವಾಗಿ ನೆಪವಾಗದು. ಮೊದಲ ಬಾರಿ ನೋಂದಣಿ ಮಾಡಿಸಿಕೊಟ್ಟವರ ವಿಳಾಸವೇ ಇಂದಿಗೂ ಮುಂದುವರಿದಿರುವ ಅಂಗಡಿಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ತೆರಿಗೆ ಮತ್ತು ಬ್ಯಾಂಕಿನ ವ್ಯವಹಾರಕ್ಕೆ ಒಂದು ವಿಳಾಸ, ದರಪಟ್ಟಿ ಹಾಗೂ ಸಂಘದ ಸುತ್ತೋಲೆಗಳಿಗೆ ಇನ್ನೊಂದು ಎಂದು ವಿಂಗಡಿಸುವುದಕ್ಕೆ ಯಾವ ಖರ್ಚೂ ಇಲ್ಲ.

ಪಟ್ಟಿಯೂ ಒಂದು ದಾಸ್ತಾನು

ನಗದು ಪೆಟ್ಟಿಗೆಯ ಕೀಲಿ ಯಾರ ಬಳಿ ಇರಬೇಕು, ಚೆಕ್ಕಿಗೆ ಯಾರ ಸಹಿ ಬೇಕು ಎಂಬುದನ್ನು ಅತಿ ಸಣ್ಣ ಅಂಗಡಿಯೂ ನಿರ್ಧರಿಸಿರುತ್ತದೆ. ಗಿರಾಕಿಗಳೆಲ್ಲರಿಗೂ ಏಕಕಾಲಕ್ಕೆ ಮಾತನಾಡುವ ಅಧಿಕಾರ ಯಾರಿಗೆ ಎಂಬುದನ್ನು ಮಾತ್ರ ಬಹುತೇಕ ಯಾರೂ ನಿರ್ಧರಿಸಿರುವುದಿಲ್ಲ. ವಿಳಾಸಪಟ್ಟಿಯನ್ನು ದಾಸ್ತಾನಿನಂತೆಯೇ ಕಾಣಬೇಕು. ಅದಕ್ಕೊಬ್ಬ ಹೊಣೆಗಾರನಿರಬೇಕು, ವರ್ಷಾಂತ್ಯದ ದಾಸ್ತಾನು ಎಣಿಕೆಯ ದಿನ ಅದನ್ನೂ ಸಾಲುಸಾಲಾಗಿ ನೋಡಿ, ವ್ಯಾಪಾರ ನಿಲ್ಲಿಸಿದವರ, ಕೆಲಸ ಬಿಟ್ಟು ಬೇರೆಡೆ ಸೇರಿದವರ ಹೆಸರುಗಳನ್ನು ತೆಗೆಯಬೇಕು. ಹತ್ತಕ್ಕಿಂತ ಹೆಚ್ಚು ಮಂದಿಗೆ ಹೋಗುವ ಪತ್ರವನ್ನು ಬರೆದವರಲ್ಲದೆ ಮತ್ತೊಬ್ಬರು ಓದಿದ ನಂತರವೇ ಕಳುಹಿಸಬೇಕು. ವಿಳಾಸಗಳನ್ನು ಕೊನೆಯಲ್ಲಿ ತುಂಬುವುದು ಒಳ್ಳೆಯದು, ಅರ್ಧ ಬರೆದ ಪತ್ರ ಕೈತಪ್ಪಿ ಹೊರಡದು. ಇಷ್ಟನ್ನು ಪಾಲಿಸಲು ಗಣಕಯಂತ್ರದ ತಜ್ಞರ ಅಗತ್ಯವಿಲ್ಲ.

ತಂತ್ರಾಂಶದ ನೆರವೂ ಸ್ವಲ್ಪ ಇದೆ. ಜಿಮೇಲ್‌ನಲ್ಲಿ ಪತ್ರ ಕಳುಹಿಸಿದ ಬಳಿಕ ರದ್ದುಪಡಿಸುವ ಅವಧಿಯನ್ನು 30 ಸೆಕೆಂಡುಗಳವರೆಗೆ ಏರಿಸಿಕೊಳ್ಳಬಹುದು. ಏನೂ ಮಾಡದಿದ್ದರೆ ಅದು ಐದೇ ಸೆಕೆಂಡು. ಔಟ್‌ಲುಕ್ ಬಳಸುವವರು ಹೊರಹೋಗುವ ಎಲ್ಲ ಪತ್ರಗಳನ್ನೂ ಕೆಲವು ನಿಮಿಷ ತಡೆದಿಡುವ ನಿಯಮವನ್ನು ಮಾಡಿಕೊಳ್ಳಬಹುದು. ಹೆಚ್ಚು ಗಿರಾಕಿಗಳಿರುವವರು ‘ಬಿ.ಸಿ.ಸಿ.’ಯನ್ನೇ ನೆಚ್ಚಿಕೊಳ್ಳದೆ, ಒಬ್ಬೊಬ್ಬರಿಗೂ ಪ್ರತ್ಯೇಕ ಪತ್ರವಾಗಿ ಕಳುಹಿಸುವ ಮೇಲ್ ಮರ್ಜ್ ವಿಧಾನಕ್ಕೆ ಬದಲಾಗುವುದು ಉತ್ತಮ, ಏಕೆಂದರೆ ‘ಬಿ.ಸಿ.ಸಿ.’ ಎಂದರೆ ಪ್ರತಿಸಲವೂ ಸರಿಯಾದ ಅಂಕಣವನ್ನು ಮರೆಯದೆ ಆರಿಸಬೇಕಾದ ಹೊಣೆ. ವಾಟ್ಸ್‌ಆ್ಯಪ್ ಬಳಸುವವರಿಗೂ ಇದೇ ವ್ಯತ್ಯಾಸ ಅನ್ವಯಿಸುತ್ತದೆ: ಗುಂಪಿನಲ್ಲಿ ಎಲ್ಲರ ದೂರವಾಣಿ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ, ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಾಣುವುದಿಲ್ಲ.

ಇಷ್ಟಾಗಿಯೂ ತಪ್ಪು ನಡೆದುಹೋದರೆ, ಹಿಂಪಡೆಯುವ ಗುಂಡಿಯನ್ನು ಒತ್ತುತ್ತ ಕೂರುವುದರಿಂದ ಪ್ರಯೋಜನವಿಲ್ಲ. ದರದ ತಪ್ಪಾಗಿದ್ದರೆ ಹಿಂದಿನ ಪತ್ರದ ದಿನಾಂಕ ಮತ್ತು ವೇಳೆಯನ್ನು ಕಾಣಿಸಿ, ಆ ಕೊಡುಗೆಯನ್ನು ಹಿಂತೆಗೆದುಕೊಳ್ಳಲಾಗಿದೆ ಎಂಬ ಒಂದೇ ಪತ್ರವನ್ನು, ಈ ಬಾರಿ ವಿಳಾಸಗಳು ಕಾಣದಂತೆ, ತಕ್ಷಣ ಕಳುಹಿಸಬೇಕು. ಮುಖ್ಯ ಖರೀದಿದಾರರಿಗೆ ದೂರವಾಣಿಯ ಮೂಲಕವೂ ತಿಳಿಸಬೇಕು. ಎರಡೂ ಪತ್ರಗಳನ್ನು ಅಳಿಸದೆ ಕಾಪಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನನ್ವಯ ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಡನೆ ಹಾಜರುಪಡಿಸಬೇಕಾದಾಗ, ಯಾವುದು ಎಷ್ಟು ಗಂಟೆಗೆ ಹೊರಟಿತೆಂಬುದೇ ನಿರ್ಣಾಯಕವಾಗಬಹುದು. ಬೇರೆಯವರ ಪಟ್ಟಿಯಿಂದ ಪ್ರವಾಹ ಬಂದಿದ್ದರೆ ಉತ್ತರಿಸದೆ ಸುಮ್ಮನಿದ್ದು, ಪಟ್ಟಿ ನಿರ್ವಹಿಸುವವರಿಗೆ ಮಾತ್ರ ದೂರವಾಣಿ ಮಾಡಿದರೆ ಸಾಕು.

ಕೊಡಗಿನ ಮಳೆಗಾಲಕ್ಕೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ತಂತಿಯ ಮೇಲೆ ಮರ ಬಿದ್ದು ಅಂತರಜಾಲ ಸಂಪರ್ಕ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುವುದಿಲ್ಲ. ಆ ವೇಳೆಯಲ್ಲಿ ಔಟ್‌ಲುಕ್‌ನಂತಹ ತಂತ್ರಾಂಶದಿಂದ ಕಳುಹಿಸಿದ ಪತ್ರ ನಿಜವಾಗಿ ಹೊರಟಿರುವುದಿಲ್ಲ. ‘ಔಟ್‌ಬಾಕ್ಸ್’ ಎಂಬ ಕಡತದಲ್ಲಿ ಕಾದಿದ್ದು, ಸಂಪರ್ಕ ಬಂದ ಕ್ಷಣದಲ್ಲಿ ತಾನಾಗಿ ಹೊರಡುತ್ತದೆ. ನಿನ್ನೆಯ ದರವನ್ನು ಹೊತ್ತ ಪತ್ರ ನಾಳೆಯ ಮಾರುಕಟ್ಟೆಗೆ ಹೋಗುವುದು ಹೀಗೆ. ಸಂಪರ್ಕ ಮರಳುವ ಮೊದಲೇ ಆ ಕಡತವನ್ನು ತೆರೆದು, ದರ ಬದಲಾಗಿದ್ದರೆ ಅಲ್ಲಿಯೇ ಅಳಿಸಿಬಿಡಬಹುದು.